ಋಣಾದಾನ: ಕಲ್ಯಾಣದ ಮಿತಾಕ್ಷರೆಯಿಂದ ವೈಟ್‌ಫೀಲ್ಡಿನ ಕಾರ್ಡುಸಾಲದವರೆಗೆ

ಧರ್ಮಶಾಸ್ತ್ರಕಾರರು ಮನುಷ್ಯರ ನಡುವಣ ವ್ಯಾಜ್ಯಗಳನ್ನು ಹದಿನೆಂಟು ವ್ಯವಹಾರಪದಗಳಾಗಿ ವಿಂಗಡಿಸಿದಾಗ ಮೊದಲ ಸ್ಥಾನವನ್ನು ಋಣಾದಾನಕ್ಕೆ ಕೊಟ್ಟರು. ಕಳವು, ಹಲ್ಲೆ, ಗಡಿತಂಟೆ, ದಾಯಭಾಗ ಇವೆಲ್ಲ ಅದರ ನಂತರ ಬರುತ್ತವೆ. ಸಾಲ ಕೊಟ್ಟವನು ಉತ್ತಮರ್ಣ, ಪಡೆದವನು ಅಧಮರ್ಣ. ಹೆಸರಿನಲ್ಲಿಯೇ ಮೇಲು ಕೀಳಿನ ಸ್ಥಾನನಿರ್ದೇಶವಿದೆ. ಕನ್ನಡದ ಆಡುಮಾತು ಈ ವಿಷಯದಲ್ಲಿ ವಿಚಿತ್ರವಾದ ಉದಾರತೆಯನ್ನು ತೋರುತ್ತದೆ. ‘ಸಾಲಗಾರ’ ಎಂಬ ಒಂದೇ ಶಬ್ದ ಸಾಲ ಮಾಡಿದವನಿಗೂ ಸಲ್ಲುತ್ತದೆ, ‘ಸಾಲಗಾರರ ಕಾಟ’ ಎಂದಾಗ ಸಾಲ ಕೊಟ್ಟವನಿಗೂ ಸಲ್ಲುತ್ತದೆ.

ಯಾಜ್ಞವಲ್ಕ್ಯಸ್ಮೃತಿಯ ಋಣಾದಾನ ಪ್ರಕರಣಕ್ಕೆ ಬಂದ ವ್ಯಾಖ್ಯಾನಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದ ಮಿತಾಕ್ಷರಾ ಹುಟ್ಟಿದ್ದು ಕನ್ನಡನಾಡಿನಲ್ಲಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ರಾಜಧಾನಿಯಲ್ಲಿ ವಿಜ್ಞಾನೇಶ್ವರನು ಅದನ್ನು ರಚಿಸಿದನು. ಗ್ರಂಥಾಂತ್ಯದಲ್ಲಿ ಆ ನಗರವನ್ನೂ ಆ ಅರಸನನ್ನೂ ಸ್ತುತಿಸಿದ್ದಾನೆ. ದಾಯಭಾಗದ ವಿಚಾರದಲ್ಲಿ ಮಿತಾಕ್ಷರೆಯ ಹೆಸರು ಇಂದಿಗೂ ನ್ಯಾಯಾಲಯಗಳಲ್ಲಿ ಕೇಳಿಬರುತ್ತದೆ. ಆದರೆ ಅದರ ಋಣಪ್ರಕರಣವನ್ನು ಓದುವವರು ವಿರಳ. ಆ ಪ್ರಕರಣವು ವಿಚಾರಿಸಿದ ಪ್ರಶ್ನೆಗಳೋ ಇಂದಿಗೂ ಜೀವಂತವಾಗಿವೆ. ಪೀಣ್ಯದ ಯಂತ್ರಶಾಲೆಯ ಕೆಲಸಗಾರ, ವೈಟ್‌ಫೀಲ್ಡಿನ ತಂತ್ರಾಂಶ ಸಂಸ್ಥೆಯ ನೌಕರ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿಪಾಳಿ ಮಾಡುವ ಯುವತಿ, ಇವರಲ್ಲಿ ಯಾರಾದರೂ ಮೂರು ನಾಲ್ಕು ಕ್ರೆಡಿಟ್ ಕಾರ್ಡುಗಳ ಬಾಕಿಯನ್ನು ತೀರಿಸಲಾಗದೆ ಬ್ಯಾಂಕುಗಳೊಂದಿಗೆ ರಾಜಿಗೆ ಕುಳಿತಾಗ ಎದುರಾಗುವುದು ಅವೇ ಪ್ರಶ್ನೆಗಳು. ಬಡ್ಡಿ ಎಲ್ಲಿ ನಿಲ್ಲಬೇಕು? ಹಲವರಿಗೆ ಸಾಲವಿದ್ದರೆ ಯಾರಿಗೆ ಮೊದಲು? ಕೊಟ್ಟದ್ದನ್ನು ಅವರು ಒಪ್ಪದಿದ್ದರೆ ಏನು? ಸಾಲ ತೀರಿತೆಂಬುದಕ್ಕೆ ಸಾಕ್ಷಿ ಯಾವುದು?

ಮೊದಲು ಬಡ್ಡಿಯ ವಿಚಾರ. ಅಡವು ಇಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಭಾಗ, ಅಂದರೆ ಶೇ. 1.25, ಬಡ್ಡಿಯೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಅಡವಿಲ್ಲದ ಸಾಲಕ್ಕೆ ವರ್ಣಕ್ರಮದಲ್ಲಿ ತಿಂಗಳಿಗೆ ಶೇ. 2, 3, 4, 5. ಅರಣ್ಯಮಾರ್ಗದಲ್ಲಿ ಸಂಚರಿಸುವ ವರ್ತಕನಿಗೆ ಶೇ. 10, ಸಮುದ್ರಯಾನ ಮಾಡುವವನಿಗೆ ಶೇ. 20. ಅಪಾಯ ಹೆಚ್ಚಿದಂತೆ ಬಡ್ಡಿ ಹೆಚ್ಚಬೇಕೆಂಬ ಕಡೆಯ ಎರಡು ದರಗಳ ತರ್ಕ ಯಾವ ಸಾಹುಕಾರನಿಗೂ ಅರ್ಥವಾಗುವಂಥದು. ವರ್ಣಕ್ರಮದ ದರದಲ್ಲಿ ಅಂಥ ತರ್ಕವೇನೂ ಇಲ್ಲ. ಸಮಾಜದಲ್ಲಿ ಕೆಳಗಿದ್ದವನು ಹೆಚ್ಚು ತೆರಬೇಕೆಂಬುದು ಅಲ್ಲಿಯ ಮಾತು. ಮಿತಾಕ್ಷರೆಯನ್ನು ಮೆಚ್ಚುವವರು ಈ ಭಾಗವನ್ನು ಮರೆಮಾಚಬಾರದು. ಇಷ್ಟೆಲ್ಲ ಹೇಳಿದ ಮೇಲೆ ಸ್ಮೃತಿಕಾರನು ಇನ್ನೊಂದು ಮಾತು ಸೇರಿಸುತ್ತಾನೆ: ಯಾವ ಜಾತಿಯವರೇ ಆಗಲಿ, ತಾವೇ ಒಪ್ಪಿಕೊಂಡ ಬಡ್ಡಿಯನ್ನು ಕೊಡಬಹುದು. ಹೀಗಾಗಿ ದರದ ಮೇಲೆ ಕಟ್ಟುನಿಟ್ಟಾದ ನಿರ್ಬಂಧವೇನೂ ಉಳಿಯಲಿಲ್ಲ.

ನಿರ್ಬಂಧವಿದ್ದದ್ದು ಮೊತ್ತದ ಮೇಲೆ. ಒಮ್ಮೆಗೇ ವಸೂಲು ಮಾಡುವ ಹಣದ ಸಾಲ ಬಡ್ಡಿಸಹಿತ ಅಸಲಿನ ಇಮ್ಮಡಿಯನ್ನು ಮೀರಬಾರದೆಂದು ಮನುವೂ ಹೇಳಿದ್ದಾನೆ. ಯಾಜ್ಞವಲ್ಕ್ಯನಲ್ಲಿ ಚಿನ್ನಕ್ಕೆ ಇಮ್ಮಡಿ, ಧಾನ್ಯಕ್ಕೆ ಮುಮ್ಮಡಿ, ಬಟ್ಟೆಗೆ ನಾಲ್ಮಡಿ ಎಂಬ ಪರಮಾವಧಿ ಇದೆ. ಮುಂದೆ ಬ್ರಿಟಿಷ್ ನ್ಯಾಯಾಲಯಗಳು ‘ದಾಮ್‌ದುಪಟ್’ ಎಂದು ಕರೆದದ್ದು ಈ ನಿಯಮವನ್ನೇ. ಮುಂಬಯಿ ಪ್ರಾಂತದಲ್ಲಿ ಹಿಂದೂಗಳ ನಡುವಣ ಸಾಲಕ್ಕೆ ಅದನ್ನು ಅನ್ವಯಿಸಿದರು, ಮದ್ರಾಸ್ ಹೈಕೋರ್ಟು ಒಪ್ಪಲಿಲ್ಲ. ಅದರ ಫಲವಾಗಿ ಧಾರವಾಡದ ಸಾಲಗಾರನಿಗಿದ್ದ ರಕ್ಷಣೆ ಬಳ್ಳಾರಿಯ ಸಾಲಗಾರನಿಗೆ ಇರಲಿಲ್ಲ. ಕನ್ನಡನಾಡು ಹರಿದು ಹಂಚಿಹೋಗಿದ್ದುದರ ಪರಿಣಾಮ ಸಾಹುಕಾರನ ಖಾತೆಪುಸ್ತಕದವರೆಗೂ ಮುಟ್ಟಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಉಪಯುಕ್ತ. ಎಂಬತ್ತನೆಯ ಒಂದು ಭಾಗದ ಸರಳಬಡ್ಡಿಯಲ್ಲಿ ಸಾಲ ಇಮ್ಮಡಿಯಾಗಲು 80 ತಿಂಗಳು ಬೇಕು, ಅಂದರೆ ಆರು ವರ್ಷ ಎಂಟು ತಿಂಗಳು. ಶೂದ್ರನಿಗೆ ವಿಧಿಸಿದ ಶೇ. 5ರ ದರದಲ್ಲಿ 20 ತಿಂಗಳು ಸಾಕು. ಇಂದಿನ ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಸಾಮಾನ್ಯ. ಅದು ಚಕ್ರಬಡ್ಡಿಯಾದುದರಿಂದ ವರ್ಷಕ್ಕೆ ಶೇ. 51ರಷ್ಟಾಗುತ್ತದೆ, ಏನನ್ನೂ ಕಟ್ಟದೆ ಬಿಟ್ಟರೆ ವಿಳಂಬಶುಲ್ಕ, ತೆರಿಗೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 20 ತಿಂಗಳಲ್ಲಿ ಬಾಕಿ ಇಮ್ಮಡಿಯಾಗುತ್ತದೆ. ಕಾರ್ಡು ಜಾತಿಯನ್ನು ಕೇಳುವುದಿಲ್ಲ, ನಿಜ. ಆದರೆ ಅದು ಎಲ್ಲರಿಗೂ ವಿಧಿಸಿರುವ ವೇಗ ಸ್ಮೃತಿಯ ನಾಲ್ಕು ದರಗಳಲ್ಲಿ ಕಟ್ಟಕಡೆಯದರ ವೇಗವಾಗಿದೆ. ಸ್ಮೃತಿಯಲ್ಲಿ ಇಪ್ಪತ್ತನೆಯ ತಿಂಗಳಿಗೆ ಲೆಕ್ಕ ನಿಲ್ಲುತ್ತಿತ್ತು. ಇಲ್ಲಿ ನಿಲ್ಲುವುದಿಲ್ಲ.

ಇಮ್ಮಡಿಯ ನಿಯಮಕ್ಕೆ ಮಿತಾಕ್ಷರೆಯೇ ಗುರುತಿಸಿದ ಎರಡು ರಂಧ್ರಗಳಿವೆ. ಬಡ್ಡಿಯನ್ನು ಒಮ್ಮೆಗೇ ವಸೂಲು ಮಾಡುವಾಗ ಮಾತ್ರ ಈ ಮಿತಿ; ದಿನದಿನವೋ ತಿಂಗಳು ತಿಂಗಳೋ ಪಡೆಯುತ್ತ ಬಂದರೆ ಒಟ್ಟು ಬಡ್ಡಿ ಅಸಲನ್ನು ಮೀರಬಹುದು. ಎರಡನೆಯದಾಗಿ, ಸಾಲ ಬೇರೊಬ್ಬರಿಗೆ ವರ್ಗವಾದರೆ ಅಥವಾ ಅವನೊಡನೆಯೇ ಹೊಸದಾಗಿ ಬರೆಸಿಕೊಂಡರೆ ಬಡ್ಡಿ ಮತ್ತೆ ಬೆಳೆಯತೊಡಗುತ್ತದೆ. ಕಾರ್ಡುಸಾಲದಲ್ಲಿ ಸಿಕ್ಕಿಕೊಂಡ ಮನುಷ್ಯ ಸಾಮಾನ್ಯವಾಗಿ ಮಾಡುವ ಎರಡು ಕೆಲಸಗಳನ್ನು ಈ ವ್ಯಾಖ್ಯಾನದ ಪಕ್ಕದಲ್ಲಿಟ್ಟು ನೋಡಬೇಕು. ಅವನು ತಿಂಗಳು ತಿಂಗಳು ‘ಮಿನಿಮಮ್ ಡ್ಯೂ’ ಕಟ್ಟುತ್ತಾನೆ. ಅದರಲ್ಲಿ ಬಹುಪಾಲು ಬಡ್ಡಿಗೇ ಹೋಗಿ ಅಸಲು ಅಲ್ಲಾಡುವುದಿಲ್ಲ. ಅದೂ ಆಗದಿದ್ದಾಗ ಒಂದು ಕಾರ್ಡಿನ ಬಾಕಿಯನ್ನು ಇನ್ನೊಂದಕ್ಕೆ ಸಾಗಹಾಕುತ್ತಾನೆ, ಇಲ್ಲವೆ ಬಾಕಿಯನ್ನೇ ಹೊಸ ಕಂತುಸಾಲವಾಗಿ ಬರೆದುಕೊಡುತ್ತಾನೆ. ಹನ್ನೆರಡನೆಯ ಶತಮಾನದ ಹೊತ್ತಿಗಾಗಲೇ ಕಲ್ಯಾಣದ ಪಂಡಿತನು ಇವೆರಡೂ ಮಿತಿಯ ಹೊರಗಿನ ದಾರಿಗಳೆಂದು ಬರೆದಿಟ್ಟಿದ್ದನು.

ಹಲವರಿಗೆ ಸಾಲವಿದ್ದವನ ವಿಚಾರವನ್ನೂ ಯಾಜ್ಞವಲ್ಕ್ಯನು ಬಿಟ್ಟಿಲ್ಲ. ಸಾಲ ಪಡೆದ ಅನುಕ್ರಮದಲ್ಲಿಯೇ ತೀರಿಸತಕ್ಕದ್ದು. ಉತ್ತಮರ್ಣರು ಭಿನ್ನ ವರ್ಣದವರಾದರೆ ಬ್ರಾಹ್ಮಣನಿಗೆ ಮೊದಲು, ಅನಂತರ ಅರಸನಿಗೆ. ಅಧಮರ್ಣನು ಕೊಡಲು ಬಂದ ಹಣವನ್ನು ಬಡ್ಡಿಯಾಸೆಯಿಂದ ಉತ್ತಮರ್ಣನು ಸ್ವೀಕರಿಸದಿದ್ದರೆ ಅದನ್ನು ಮಧ್ಯಸ್ಥನ ಬಳಿ ಇರಿಸಬೇಕು. ಅಂದಿನಿಂದ ಬಡ್ಡಿ ಬೆಳೆಯದು. ಅರಸನ ಮೂಲಕ ವಸೂಲಾದರೆ ಅಧಮರ್ಣನು ಶೇ. 10ನ್ನೂ ಉತ್ತಮರ್ಣನು ಶೇ. 5ನ್ನೂ ಅರಸನಿಗೆ ತೆರಬೇಕು. ಸಾಲ ತೀರಿದೊಡನೆ ಪತ್ರವನ್ನು ಹರಿದುಹಾಕಬೇಕು. ಪತ್ರ ಕೈಗೆ ಸಿಗದಿದ್ದರೆ ಋಣಶುದ್ಧಿಗಾಗಿ ಇನ್ನೊಂದು ಪತ್ರವನ್ನು ಬರೆಸಿಕೊಳ್ಳಬೇಕು. ಕಂತಿನಲ್ಲಿ ಕೊಟ್ಟದ್ದನ್ನು ಮೂಲಪತ್ರದ ಬೆನ್ನ ಮೇಲೆ ನಮೂದಿಸಬೇಕು. ಮಧ್ಯಸ್ಥ, ಅನುಕ್ರಮ, ಹರಿದ ಪತ್ರ: ಋಣಮುಕ್ತಿಯ ಈ ಮೂರು ಅಂಗಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಶಾಸ್ತ್ರದ ಮಾತು ಆಚರಣೆಯಲ್ಲಿ ಹೇಗಿತ್ತೆಂಬುದಕ್ಕೆ ಕನ್ನಡನಾಡಿನಲ್ಲಿ ಸ್ಪಷ್ಟವಾದ ಒಂದು ದಾಖಲೆ ಶ್ರವಣಬೆಳಗೊಳದಲ್ಲಿದೆ. ಕಾಲ ಶಕ 1556ರ ಭಾವ ಸಂವತ್ಸರ, ಕ್ರಿ.ಶ. 1634. ಲೂಯಿಸ್ ರೈಸ್ ಪ್ರಕಟಿಸಿ, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಎರಡನೆಯ ಸಂಪುಟದಲ್ಲಿ ಈ ಪ್ರಕರಣದ ಬರಹಗಳು ಸಿಗುತ್ತವೆ. ಗೊಮ್ಮಟನಾಥನ ಪೂಜೆಗೆಂದು ದಾನವಾಗಿ ಬಂದಿದ್ದ ಭೂಮಿಯನ್ನು ಅಲ್ಲಿಯ ಸ್ಥಾನಿಕರು ತಮ್ಮ ಸಂಕಟಕಾಲದಲ್ಲಿ ವರ್ತಕರಿಗೆ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲ ಅದರ ಉತ್ಪತ್ತಿಯನ್ನು ಅನುಭವಿಸುತ್ತ ಬಂದರು. ಆ ಪ್ರದೇಶ ಆಗ ರಾಜಕೀಯವಾಗಿಯೂ ಕದಡಿಹೋಗಿತ್ತು. ಚನ್ನಪಟ್ಟಣದ ಪಾಳೆಯಗಾರರ ಉಪದ್ರವದಿಂದ ಬೆಳಗೊಳದ ಗುರುಗಳು ಸ್ಥಳವನ್ನೇ ತೊರೆದಿದ್ದರೆಂದು ಚಿದಾನಂದಕವಿಯ ‘ಮುನಿವಂಶಾಭ್ಯುದಯ’ ಹೇಳುತ್ತದೆ. ಮೈಸೂರಿನ ಚಾಮರಾಜ ಒಡೆಯರು (ಆಳ್ವಿಕೆ 1617–1637) ವಿಷಯವನ್ನು ವಿಚಾರಿಸಿ ತಿಳಿದು, ಅಡವು ಹಿಡಿದ ವರ್ತಕರನ್ನು ಕರೆಸಿದರು. ನಿಮಗೆ ಸಲ್ಲಬೇಕಾದ ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಆಗ ಆ ವರ್ತಕರು ಹಣವನ್ನು ಪಡೆಯದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಧಾರೆಯೆರೆದು ಬಿಟ್ಟುಕೊಟ್ಟರು. ಗೊಮ್ಮಟದೇವರ ಮತ್ತು ಗುರುಗಳ ಸನ್ನಿಧಿಯಲ್ಲಿ ಅದು ನಡೆಯಿತು. ಇನ್ನು ಮುಂದೆ ದೇವರ ಭೂಮಿಯನ್ನು ಅಡವಿಡುವವರಿಗೂ ಅಡವು ಹಿಡಿಯುವವರಿಗೂ ಶಾಪವಾಕ್ಯವನ್ನು ಬರೆಸಲಾಯಿತು.

ಈ ಪ್ರಸಂಗವನ್ನು ರಾಜನ ಧರ್ಮಶ್ರದ್ಧೆಗೆ ನಿದರ್ಶನವಾಗಿ ಉಲ್ಲೇಖಿಸುವುದು ವಾಡಿಕೆ. ಅದು ಸರಿಯೇ. ಆದರೆ ಋಣಪ್ರಕರಣದ ದೃಷ್ಟಿಯಿಂದ ನೋಡಿದರೆ ಇದು ಹಲವು ಉತ್ತಮರ್ಣರೊಡನೆ ಏಕಕಾಲಕ್ಕೆ ನಡೆದ ಒಂದು ಇತ್ಯರ್ಥ. ಅಡವಿನ ಭೂಮಿಯ ಉತ್ಪತ್ತಿಯಿಂದಲೇ ಇಮ್ಮಡಿ ಹಣ ಸಂದಿದ್ದರೆ ಅಡವನ್ನು ಬಿಟ್ಟುಕೊಡತಕ್ಕದ್ದೆಂದು ಯಾಜ್ಞವಲ್ಕ್ಯನ ವಿಧಿಯಿದೆ. ಬಹುಕಾಲ ಅನುಭವಿಸಿದ ವರ್ತಕರು ಕೊಟ್ಟದ್ದಕ್ಕಿಂತ ಹೆಚ್ಚನ್ನು ಆಗಲೇ ಪಡೆದಿದ್ದರೆಂದು ಊಹಿಸುವುದು ಅಸಂಗತವಲ್ಲ. ಅರಸನ ಎದುರು ನಿಂತು ‘ಪೂರ್ತಿ ಕೊಡಿ’ ಎನ್ನುವುದೂ ಕಷ್ಟ, ‘ಸಂದಿದೆ’ ಎಂದು ಒಪ್ಪಿಕೊಳ್ಳುವುದೂ ಕಷ್ಟ. ದಾನದ ಮಾತು ಆ ಎರಡು ಕಷ್ಟಗಳ ನಡುವೆ ಮಾನವಾಗಿ ಹೊರಬರುವ ಬಾಗಿಲನ್ನು ತೆರೆಯಿತು. ಸ್ಥಾನಿಕರು ನೇರವಾಗಿ ಬೇಡಿಕೊಂಡಿದ್ದರೆ ಈ ಬಾಗಿಲು ತೆರೆಯುತ್ತಿತ್ತೆ ಎಂಬುದು ಸಂದೇಹಾಸ್ಪದ. ಎಲ್ಲ ವರ್ತಕರನ್ನೂ ಒಂದೆಡೆ ಕೂಡಿಸಬಲ್ಲ ಮಧ್ಯಸ್ಥನೊಬ್ಬನಿದ್ದನು, ಬಿಡುಗಡೆ ಹತ್ತು ಜನರೆದುರು ಆಯಿತು, ಬರಹವಾಗಿ ನಿಂತಿತು.

ಮಧ್ಯಸ್ಥನ ಸ್ಥಾನವನ್ನು ಇಪ್ಪತ್ತನೆಯ ಶತಮಾನದಲ್ಲಿ ಶಾಸನಸಭೆ ವಹಿಸಿಕೊಂಡಿತು. 1875ರ ದಖನ್ ದಂಗೆಗಳ ಬಳಿಕ ಮುಂಬಯಿ ಸರ್ಕಾರದ ವ್ಯಾಪ್ತಿಯಲ್ಲಿ ಬಂದ 1879ರ ದಖನ್ ಕೃಷಿಕರ ಪರಿಹಾರ ಕಾಯಿದೆಯಲ್ಲಿ ಸಂಧಾನಕಾರರ ನೇಮಕಕ್ಕೆ ಅವಕಾಶವಿತ್ತು. ಮೈಸೂರು ಸಂಸ್ಥಾನದಲ್ಲಿ 1923ರಲ್ಲಿ ಮಿತಿಮೀರಿದ ಬಡ್ಡಿಯ ಸಾಲಗಳ ಕಾಯಿದೆಯೂ, 1928ರಲ್ಲಿ ಕೃಷಿಕರ ಪರಿಹಾರ ಕಾಯಿದೆಯೂ, 1937ರಲ್ಲಿ ಸಾಲ ಸಂಧಾನ ಕಾಯಿದೆಯೂ ಬಂದವು. ಮಧ್ಯಪ್ರಾಂತ 1933ರಲ್ಲಿ ಆರಂಭಿಸಿದ ಸಂಧಾನಮಂಡಳಿಯ ಕಲ್ಪನೆ ಸರಳವಾದುದು: ಒಬ್ಬ ರೈತನಿಗೆ ಸಾಲ ಕೊಟ್ಟವರೆಲ್ಲರೂ ಮಂಡಳಿಯ ಮುಂದೆ ಬಂದು ತಮ್ಮ ತಮ್ಮ ಲೆಕ್ಕವನ್ನು ಒಪ್ಪಿಸಬೇಕು, ಆತನ ಶಕ್ತಿಯನ್ನು ಅಳೆದು ಎಲ್ಲರಿಗೂ ಸೇರಿ ಒಂದು ಒಪ್ಪಂದವಾಗಬೇಕು. 1976ರ ಕರ್ನಾಟಕ ಸಾಲ ಪರಿಹಾರ ಕಾಯಿದೆ ಇನ್ನೂ ಮುಂದೆ ಹೋಗಿ ಸಣ್ಣ ರೈತರ, ಭೂರಹಿತ ಕೂಲಿಕಾರರ, ದುರ್ಬಲ ವರ್ಗದವರ ಖಾಸಗಿ ಸಾಲವನ್ನೇ ಮನ್ನಾ ಮಾಡಿತು. ದೇವರಾಜ ಅರಸರ ಕಾಲದ ಆ ಕಾಯಿದೆ ಹಳ್ಳಿಯ ಗಿರವಿ ಅಂಗಡಿಗಳಲ್ಲಿ ಎಬ್ಬಿಸಿದ ಅಲ್ಲೋಲಕಲ್ಲೋಲ ಬೇರೆಯೇ ಒಂದು ಲೇಖನದ ವಸ್ತು.

ಈ ಕಾಯಿದೆಗಳಿಗೆಲ್ಲ ಒಂದು ಸಮಾನಗುಣವಿದೆ. ಅವು ಸಾಹುಕಾರನನ್ನು ಕಣ್ಣಮುಂದಿಟ್ಟುಕೊಂಡು ಬರೆದವು, ಬ್ಯಾಂಕನ್ನಲ್ಲ. 1976ರ ಕಾಯಿದೆಯಿಂದ ಬ್ಯಾಂಕುಗಳ ಸಾಲ ಹೊರಗಿತ್ತು. 1984ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ 21ಎ ಎಂಬ ಕಲಮು ಸೇರಿತು. ಬ್ಯಾಂಕು ವಿಧಿಸಿದ ಬಡ್ಡಿಯ ದರ ಅತಿಯಾಯಿತೆಂಬ ಕಾರಣದಿಂದ ಯಾವ ನ್ಯಾಯಾಲಯವೂ ಆ ವ್ಯವಹಾರವನ್ನು ಮರುಪರಿಶೀಲಿಸಕೂಡದೆಂಬುದು ಅದರ ತಾತ್ಪರ್ಯ. ಋಣದ ಇತಿಹಾಸವನ್ನು ಬರೆಯುವವರು ಅರಸರ ಶಾಸನಗಳಿಗೆ ಕೊಡುವಷ್ಟೇ ಗಮನವನ್ನು ಈ ಒಂದು ಕಲಮಿಗೂ ಕೊಡಬೇಕು. ಕಲ್ಯಾಣದಿಂದ ಧಾರವಾಡದ ಮುನ್ಸೀಫ್ ಕೋರ್ಟಿನವರೆಗೆ ನಡೆದುಬಂದ ಇಮ್ಮಡಿಯ ಮಿತಿಗೆ ಬ್ಯಾಂಕಿನ ಬಾಗಿಲಲ್ಲಿ ಪ್ರವೇಶವಿಲ್ಲವಾಯಿತು. ಆ ಹೊತ್ತಿನಲ್ಲಿ ಕ್ರೆಡಿಟ್ ಕಾರ್ಡು ಇನ್ನೂ ಅಪರೂಪದ ವಸ್ತು. ದೇಶದಲ್ಲಿ ಅದು ಕಾಣಿಸಿಕೊಂಡದ್ದೇ 1980ರ ಹೊತ್ತಿಗೆ.

ಕಾರ್ಡು ಬೇರುಬಿಟ್ಟ ನೆಲಗಳಲ್ಲಿ ಬೆಂಗಳೂರಿನ ಹೊರವಲಯವೂ ಒಂದು. ಆ ನೆಲದ ಚರಿತ್ರೆಯನ್ನು ನೋಡಿದರೆ ಅದಕ್ಕೆ ಕಾರಣ ತಿಳಿಯುತ್ತದೆ. ವೈಟ್‌ಫೀಲ್ಡು 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ನರು ಕಟ್ಟಿಕೊಂಡ ಬೇಸಾಯದ ವಸಾಹತು, ಡಿ.ಎಸ್. ವೈಟ್ ಎಂಬಾತನ ಹೆಸರು ಅದಕ್ಕೆ ನಿಂತಿತು. ಪೀಣ್ಯ ಮತ್ತು ಎಲೆಕ್ಟ್ರಾನಿಕ್ ಸಿಟಿಗಳು 1970ರ ದಶಕದ ಯೋಜನೆಗಳು. ಇನ್‌ಫೋಸಿಸ್ 1994ರಲ್ಲಿ ತನ್ನ ಪ್ರಧಾನ ಕಚೇರಿಯನ್ನು ಎಲೆಕ್ಟ್ರಾನಿಕ್ ಸಿಟಿಗೆ ಸಾಗಿಸಿತು. ದಶಕದ ಕೊನೆಗೆ ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಎದ್ದಿತು. ಮೂರು ಕಡೆಗಳಲ್ಲಿಯೂ ನೆಲೆಸಿದವರು ಬಹುಮಟ್ಟಿಗೆ ಹೊರಗಿನಿಂದ ಬಂದವರು. ಊರಿನಲ್ಲಿ ಮನುಷ್ಯನಿಗೆ ಸಾಲ ಹುಟ್ಟುತ್ತಿದ್ದುದು ಮನೆತನದ ಹೆಸರಿನ ಮೇಲೆ, ಗದ್ದೆಯ ಮೇಲೆ, ಜಾಮೀನು ನಿಲ್ಲುವ ಮಾವನ ಮೇಲೆ. ಇಲ್ಲಿ ಅವನಿಗಿರುವುದು ಸಂಬಳದ ಚೀಟಿಯೊಂದೇ. ಆ ಚೀಟಿಯನ್ನೇ ಅಡವೆಂಬಂತೆ ನೋಡಿ ಬ್ಯಾಂಕು ಕಾರ್ಡು ಕೊಡುತ್ತದೆ. ಒಂದು ಬ್ಯಾಂಕು ಕೊಟ್ಟಿತೆಂಬುದೇ ಎರಡನೆಯದಕ್ಕೆ ಯೋಗ್ಯತಾಪತ್ರವಾಗುತ್ತದೆ. ಕೆಲಸ ಹೋದ ದಿನ ಅಡವೂ ಹೋಯಿತು. ಜಾಮೀನಿನ ಮಾವ ಮೊದಲೇ ಇರಲಿಲ್ಲ. ಊರಿಗೆ ವಿಷಯ ತಿಳಿಯಬಾರದೆಂಬ ಹಟವೊಂದು ಮಾತ್ರ ಉಳಿಯುತ್ತದೆ, ಮತ್ತು ಬಹಳ ಜನರನ್ನು ಇತ್ಯರ್ಥದ ಮಾತಿನಿಂದ ತಿಂಗಳುಗಟ್ಟಲೆ ದೂರವಿಡುವುದು ಆ ಹಟವೇ.

2020ರಲ್ಲಿ ಈ ಸ್ಥಿತಿ ಸಾಮೂಹಿಕವಾಗಿ ಕಾಣಿಸಿಕೊಂಡಿತು. ಪೀಣ್ಯದ ಸಣ್ಣ ಕಾರ್ಖಾನೆಗಳು ಬೀಗ ಹಾಕಿದ ತಿಂಗಳುಗಳಲ್ಲಿ ರಿಸರ್ವ್ ಬ್ಯಾಂಕು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತುಗಳನ್ನು ಮುಂದೂಡಲು ಅನುಮತಿ ಕೊಟ್ಟಿತು. ಕಾರ್ಡಿನ ಬಾಕಿಯೂ ಅದರಲ್ಲಿ ಸೇರಿತ್ತು, ಆದರೆ ಬಡ್ಡಿ ಓಡುತ್ತಲೇ ಇತ್ತು. ಆ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎರಡು ಕೋಟಿ ರೂಪಾಯಿಯೊಳಗಿನ ಸಾಲಗಳಿಗೆ ಆ ಆರು ತಿಂಗಳ ಚಕ್ರಬಡ್ಡಿಗೂ ಸರಳಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ಬ್ಯಾಂಕುಗಳಿಗೆ ತುಂಬಿಕೊಟ್ಟಿತು. ಕ್ರೆಡಿಟ್ ಕಾರ್ಡಿನ ಬಾಕಿಯ ಹೆಸರು ಆ ಪಟ್ಟಿಯಲ್ಲಿ ಸ್ಪಷ್ಟವಾಗಿತ್ತು. 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು, ಸಾಲದ ಮೊತ್ತ ಎಷ್ಟೇ ಇರಲಿ, ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ ಸಲ್ಲದೆಂದು ತೀರ್ಪಿತ್ತಿತು. ಅರಸನು ಸಾಲ ತೀರಿಸಲು ಮುಂದೆ ಬಂದ ಬೆಳಗೊಳದ ಪ್ರಸಂಗ ಇಲ್ಲಿ ನೆನಪಾಗದಿರದು. ಒಂದು ವ್ಯತ್ಯಾಸವೆಂದರೆ, ಅಲ್ಲಿ ಉತ್ತಮರ್ಣರು ಹಣವನ್ನು ಬೇಡವೆಂದಿದ್ದರು.

ಬಡ್ಡಿಯ ದರವನ್ನೇ ಪ್ರಶ್ನಿಸಿದ ಪ್ರಯತ್ನವೂ ನಡೆದಿತ್ತು. 2008ರ ಜುಲೈ 7ರಂದು ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30ನ್ನು ಮೀರಿದ ಬಡ್ಡಿ ಅನುಚಿತ ವ್ಯಾಪಾರಪದ್ಧತಿಯೆಂದು ಹೇಳಿತು. ತೀರ್ಪಿಗೆ ತಡೆ ಬಂದು, ಮೇಲ್ಮನವಿ ಹದಿನಾರು ವರ್ಷ ನಡೆದು, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. ಉಭಯ ಪಕ್ಷಗಳು ಒಪ್ಪಿಕೊಂಡ ಕರಾರನ್ನು ಆಯೋಗ ತಿದ್ದಿ ಬರೆಯಲಾಗದೆಂಬುದು ನ್ಯಾಯಾಲಯದ ನಿಲುವು. ಯಾಜ್ಞವಲ್ಕ್ಯನ ‘ತಾವೇ ಒಪ್ಪಿಕೊಂಡ ಬಡ್ಡಿ’ ಉಳಿಯಿತು, ಆ ಬಡ್ಡಿಗೆ ಅವನು ಹಾಕಿದ್ದ ಬೇಲಿ ಉಳಿಯಲಿಲ್ಲ.

ಆದುದರಿಂದ ಇಂದು ಇತ್ಯರ್ಥವೆಂಬುದು ಹಕ್ಕಿನ ರೂಪದಲ್ಲಿ ಇಲ್ಲ. ಬ್ಯಾಂಕಿನ ಇಚ್ಛೆಯ ರೂಪದಲ್ಲಿದೆ. ಮೂರು ತಿಂಗಳು ಬಾಕಿ ಕಟ್ಟದಿದ್ದರೆ ಖಾತೆ ವಸೂಲಾಗದ ಸಾಲವೆಂಬ ವರ್ಗಕ್ಕೆ ಸೇರುತ್ತದೆ. ಅಲ್ಲಿಂದ ಮುಂದೆ ಬ್ಯಾಂಕಿನ ಲೆಕ್ಕಾಚಾರವೇ ಬದಲಾಗುತ್ತದೆ: ಅಡವಿಲ್ಲದ ಸಾಲಕ್ಕಾಗಿ ದಾವೆ ಹೂಡಿ ವರ್ಷಗಟ್ಟಲೆ ಕಾಯುವುದಕ್ಕಿಂತ ಒಂದೇ ಗಂಟಿಗೆ ಬರುವ ಕಡಿಮೆ ಹಣ ಮೇಲು. 2023ರ ಜೂನ್ 8ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ರಾಜಿ ಇತ್ಯರ್ಥಕ್ಕೆ ಆಡಳಿತ ಮಂಡಳಿ ಒಪ್ಪಿದ ನೀತಿಯಿರಬೇಕೆಂದೂ, ರಾಜಿ ಮಾಡಿಕೊಂಡವನಿಗೆ ಅದೇ ಸಂಸ್ಥೆ ಹೊಸ ಸಾಲ ಕೊಡಲು ಕೃಷಿಯೇತರ ಸಾಲಗಳಲ್ಲಿ ಕನಿಷ್ಠ 12 ತಿಂಗಳು ಕಳೆದಿರಬೇಕೆಂದೂ ವಿಧಿಸಿತು.

ಹಲವು ಕಾರ್ಡುಗಳಿದ್ದಾಗ ಅನುಕ್ರಮದ ಪ್ರಶ್ನೆ ಮತ್ತೆ ಏಳುತ್ತದೆ. ಊಹೆಗಾಗಿ, ಮೂರು ಕಾರ್ಡುಗಳಲ್ಲಿ 80,000, 1,50,000 ಮತ್ತು 2,20,000 ರೂಪಾಯಿ ಬಾಕಿಯಿರುವ ಒಬ್ಬನ ಕೈಯಲ್ಲಿ ಭವಿಷ್ಯನಿಧಿಯಿಂದ ತೆಗೆದ, ತಾಯಿಯ ಬಳೆ ಮಾರಿ ಕೂಡಿಸಿದ 1,60,000 ರೂಪಾಯಿ ಇದೆಯೆನ್ನೋಣ. ಮೂರೂ ಕಡೆಯಿಂದ ಕರೆ ಬರುತ್ತದೆ. ಕರೆಯ ಒತ್ತಡಕ್ಕೆ ಮಣಿದು ಮೂವರಿಗೂ ಸ್ವಲ್ಪ ಸ್ವಲ್ಪ ಹಂಚಿದರೆ ಹಣ ಬಡ್ಡಿಯಲ್ಲಿ ಕರಗುತ್ತದೆ, ಒಂದು ಬಾಕಿಯೂ ಮುಗಿಯುವುದಿಲ್ಲ. ಒಂದನ್ನು ಪೂರ್ತಿ ಮುಗಿಸಿ ಎರಡನೆಯದಕ್ಕೆ ಹೋಗುವುದೇ ಕ್ರಮ, ಸ್ಮೃತಿಕಾರನ ಅನುಕ್ರಮದ ಮಾತಿನಲ್ಲಿ ಈ ವಿವೇಕವಿದೆ. ಆದರೆ ಹಳೆಯದು ಮೊದಲು ಎಂಬ ಅವನ ಕ್ರಮ ಇಂದು ಹಾಗೆಯೇ ಸಲ್ಲುವುದಿಲ್ಲ. ಸಂಬಳ ಬೀಳುವ ಖಾತೆಯೂ ಕಾರ್ಡೂ ಒಂದೇ ಬ್ಯಾಂಕಿನದಾದರೆ, ಕರಾರಿನ ಬಲದಿಂದ ಆ ಬ್ಯಾಂಕು ಖಾತೆಯ ಹಣವನ್ನೇ ಬಾಕಿಗೆ ಹಿಡಿದುಕೊಳ್ಳಬಲ್ಲದು. ಅದನ್ನು ಮೊದಲು ನೋಡಬೇಕಾಗುತ್ತದೆ. ಬಹಳ ಹಳತಾದ ಬಾಕಿಗೆ ಕಾಲಮಿತಿ ಕಾಯಿದೆಯ ಮೂರು ವರ್ಷದ ಗಡುವು ಹತ್ತಿರವಾಗಿರಬಹುದು. ಆ ಗಡುವಿನೊಳಗೆ ಸಾಲವನ್ನು ಒಪ್ಪಿ ಒಂದು ಪತ್ರ ಬರೆದರೆ, ಅಥವಾ ‘ಸದ್ಯಕ್ಕೆ ಸಾವಿರವಾದರೂ ಕಟ್ಟಿ’ ಎಂಬ ಮಾತಿಗೆ ಓಗೊಟ್ಟರೆ, ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಮಿತಾಕ್ಷರೆ ಹೇಳಿದ ಮರುಬರಹದ ರಂಧ್ರ ಇನ್ನೊಂದು ರೂಪದಲ್ಲಿ ಇಲ್ಲಿ ಉಳಿದಿದೆ.

ವಸೂಲಿಯ ಕ್ರಮಗಳನ್ನು ಮನುವು ಐದಾಗಿ ಎಣಿಸಿದ್ದಾನೆ: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಬಾಗಿಲಲ್ಲಿ ಕುಳಿತು ಹಟ ಹಿಡಿಯುವುದು ಆಚರಿತದ ಒಂದು ರೂಪ. ಪೀಣ್ಯದ ಬಾಡಿಗೆಮನೆಯ ಮುಂದೆ ಬೈಕು ನಿಲ್ಲಿಸಿ, ಅಕ್ಕಪಕ್ಕದವರಿಗೆ ಕೇಳುವಂತೆ ಹೆಸರು ಹಿಡಿದು ಕೂಗುವ ವಸೂಲಿಗಾರನು ಮನುವನ್ನು ಓದಿರಲಾರ; ಅವನ ವಿದ್ಯೆ ಮಾತ್ರ ಅಲ್ಲಿಯದೇ. 2007 ಮತ್ತು 2008ರ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟು ಬಲಪ್ರಯೋಗದ ವಸೂಲಿಯನ್ನು ಖಂಡಿಸಿತು. 2022ರ ಆಗಸ್ಟಿನ ರಿಸರ್ವ್ ಬ್ಯಾಂಕಿನ ಸುತ್ತೋಲೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವುದನ್ನೂ ಬಂಧುಮಿತ್ರರನ್ನು ಪೀಡಿಸುವುದನ್ನೂ ನಿಷೇಧಿಸಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲಗಳ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತಾದರೂ ಅದರ ಲಕ್ಷ್ಯ ನೋಂದಣಿಯಿಲ್ಲದ ಲೇವಾದೇವಿಗಾರರು. ಬ್ಯಾಂಕಿನ ಕಾರ್ಡಿನವನು ಬ್ಯಾಂಕಿನ ದೂರು ವಿಭಾಗಕ್ಕೂ, ಅಲ್ಲಿ 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೂ ಹೋಗಬೇಕು.

ಹಾಗಾದರೆ ಮಧ್ಯಸ್ಥನೆಲ್ಲಿ? ಇಂದಿನ ವ್ಯವಸ್ಥೆಯ ದೊಡ್ಡ ಕೊರತೆ ಇರುವುದು ಇಲ್ಲಿ. ವ್ಯಕ್ತಿಯೊಬ್ಬನ ಎಲ್ಲ ಉತ್ತಮರ್ಣರನ್ನೂ ಒಂದೆಡೆ ಕೂಡಿಸಿ ಮರುಪಾವತಿಯ ಯೋಜನೆಯನ್ನು ಮತಕ್ಕೆ ಹಾಕುವ ವಿಧಾನ 2016ರ ದಿವಾಳಿ ಸಂಹಿತೆಯ ಮೂರನೆಯ ಭಾಗದಲ್ಲಿದೆ. 1937ರ ಮಂಡಳಿಯ ಕಲ್ಪನೆಗೆ ತೀರ ಹತ್ತಿರವಾದ ಆ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಸಂಬಳದ ನೌಕರನು ಅದರ ಬಾಗಿಲನ್ನು ತಟ್ಟುವಂತಿಲ್ಲ. ಅವನು ನಾಲ್ಕು ಬ್ಯಾಂಕುಗಳೊಡನೆ ನಾಲ್ಕು ಪ್ರತ್ಯೇಕ ಮಾತುಕತೆ ನಡೆಸಬೇಕು. ಒಬ್ಬರಿಗೆ ಎಷ್ಟು ಕೊಟ್ಟನೆಂಬುದು ಇನ್ನೊಬ್ಬರಿಗೆ ತಿಳಿಯದು, ತಿಳಿದರೂ ಬದ್ಧತೆಯಿಲ್ಲ. ಈ ತೆರವಾದ ಪೀಠದಲ್ಲಿ ಶುಲ್ಕ ಪಡೆದು ಸಂಧಾನ ಮಾಡಿಕೊಡುವೆವೆಂಬ ಖಾಸಗಿ ಮಧ್ಯವರ್ತಿಗಳು ಬಂದು ಕುಳಿತಿದ್ದಾರೆ. ಉತ್ತಮರ್ಣನು ಒಪ್ಪದ ಹಣವನ್ನು ಮಧ್ಯಸ್ಥನಲ್ಲಿರಿಸಿದರೆ ಬಡ್ಡಿ ನಿಲ್ಲುತ್ತಿತ್ತು; ಇವರಲ್ಲಿ ಹಣವಿರಿಸಿದರೆ ಬಡ್ಡಿ ನಿಲ್ಲುವುದಿಲ್ಲ, ಇವರ ಶುಲ್ಕವೂ ಸೇರುತ್ತದೆ.

ಮಧ್ಯಸ್ಥನೆಂಬ ಹೆಸರಿಗೆ ತಕ್ಕಮಟ್ಟಿಗೆ ಒಪ್ಪುವುದು ಲೋಕ ಅದಾಲತ್. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಅಡಿಯಲ್ಲಿ ನಡೆಯುವ ಈ ಪೀಠಗಳ ಮುಂದೆ ದಾವೆ ಹೂಡುವ ಮೊದಲೇ ಬ್ಯಾಂಕು ಸಾಲದ ಪ್ರಕರಣಗಳನ್ನು ತರಬಹುದು. ಇತ್ಯರ್ಥವಾದರೆ ಅದರ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಅರಸನಿಗೆ ಸಲ್ಲುತ್ತಿದ್ದ ಶೇ. 10 ಇಲ್ಲಿಲ್ಲ, ನ್ಯಾಯಾಲಯದಲ್ಲಿ ಈಗಾಗಲೇ ಕಟ್ಟಿದ ಶುಲ್ಕವಿದ್ದರೆ ಅದು ಹಿಂದಿರುಗುತ್ತದೆ. ಆದರೆ ಎರಡು ಪಕ್ಷಗಳೂ ಒಪ್ಪದೆ ಪೀಠ ಏನನ್ನೂ ಹೇರಲಾರದು. ಮೇಲಿನ ಊಹೆಯ ಮನುಷ್ಯ ಅಲ್ಲಿಗೆ ಹೋದರೆ ಮೂರು ಬ್ಯಾಂಕುಗಳ ಮೂರು ಪ್ರತಿನಿಧಿಗಳನ್ನು ಮೂರು ಪ್ರತ್ಯೇಕ ಪ್ರಕರಣಗಳಲ್ಲಿ ಭೇಟಿಯಾಗುತ್ತಾನೆ. ಡಿಕ್ರಿ ಅವನನ್ನೂ ಕಟ್ಟುತ್ತದೆ ಎಂಬುದನ್ನು ಮರೆತು, ಕೂಡಿಬಾರದ ಕಂತಿಗೆ ಸಹಿ ಹಾಕಿ ಬಂದವರ ಸ್ಥಿತಿ ಮೊದಲಿಗಿಂತ ಬಿಗಡಾಯಿಸುತ್ತದೆ.

ಇನ್ನು ಉಳಿದದ್ದು ಪತ್ರ. ಫೋನಿನಲ್ಲಿ ಒಪ್ಪಿದ ಮೊತ್ತಕ್ಕೆ ಬೆಲೆಯಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಮೊತ್ತ, ದಿನಾಂಕ, ಉಳಿದ ಬಾಕಿಯನ್ನು ಬಿಟ್ಟುಕೊಟ್ಟ ಮಾತು ಇವುಗಳಿರುವ ಪತ್ರ ಕೈಗೆ ಬಂದ ಮೇಲೆ, ಬ್ಯಾಂಕಿನ ಖಾತೆಗೇ ಹಣ ಕಟ್ಟಿ, ನಂತರ ನೋ ಡ್ಯೂಸ್ ಪತ್ರವನ್ನು ಪಡೆಯಬೇಕು. ವಸೂಲಿಗಾರನ ಕೈಗೆ ಕೊಟ್ಟ ನೋಟುಗಳು ಯಾವ ಪತ್ರದ ಬೆನ್ನ ಮೇಲೂ ನಮೂದಾಗುವುದಿಲ್ಲ. ಬಾಕಿಯನ್ನು ಬೇರೊಂದು ಸಂಸ್ಥೆಗೆ ಮಾರಿದ್ದರೆ ಎರಡು ವರ್ಷದ ಮೇಲೆ ಹೊಸ ದನಿಯೊಂದು ಅದೇ ಸಾಲವನ್ನು ಕೇಳಿಕೊಂಡು ಬರಬಹುದು. ಆಗ ತೋರಿಸಲು ಇರುವುದು ಆ ಪತ್ರವೊಂದೇ.

ಹರಿದುಹಾಕುವ ಮೂಲಪತ್ರ ಈಗ ಇಲ್ಲ. ಅದರ ಸ್ಥಾನದಲ್ಲಿರುವುದು ಸಾಲಮಾಹಿತಿ ಸಂಸ್ಥೆಗಳ ದಾಖಲೆ. ಮೊದಲನೆಯದಾದ ಸಿಬಿಲ್ 2000ದಲ್ಲಿ ಸ್ಥಾಪನೆಯಾಯಿತು. 2005ರ ಕಾಯಿದೆ ಅಂಥ ಸಂಸ್ಥೆಗಳಿಗೆ ಶಾಸನದ ಚೌಕಟ್ಟನ್ನು ಕೊಟ್ಟಿತು. ಪೂರ್ತಿ ತೀರಿಸಿದವನ ಖಾತೆಯ ಮುಂದೆ ‘ಕ್ಲೋಸ್ಡ್’ ಎಂದೂ, ರಾಜಿಯಲ್ಲಿ ಕಡಿಮೆ ಕೊಟ್ಟವನ ಮುಂದೆ ‘ಸೆಟಲ್ಡ್’ ಎಂದೂ ಬರೆಯುತ್ತಾರೆ. ಎರಡನೆಯ ಶಬ್ದ ವರ್ಷಗಟ್ಟಲೆ ಉಳಿದು, ಮನೆಸಾಲಕ್ಕೆ ಹೋದಾಗ ಎದುರಾಗುತ್ತದೆ. ಬೆಳಗೊಳದ ವರ್ತಕರು ಬಿಟ್ಟುಕೊಟ್ಟದ್ದು ಕೊಟ್ಟವರ ಪುಣ್ಯವಾಗಿ ದಾಖಲಾಯಿತು, ಸ್ಥಾನಿಕರ ಹೆಸರಿಗೆ ಕಳಂಕವಾಗಿ ಅಲ್ಲ. ಇಂದಿನ ದಾಖಲೆಯಲ್ಲಿ ಬಿಟ್ಟುಕೊಟ್ಟವನ ಹೆಸರಿನ ಮುಂದೆ ಏನೂ ಇಲ್ಲ. ಎಷ್ಟೋ ವೇಳೆ ಪೂರ್ತಿ ತೀರಿಸಿದವನ ಖಾತೆಯೂ ಬಾಕಿಯೆಂದೇ ತೋರುತ್ತಿರುತ್ತದೆ. ಅದಕ್ಕಾಗಿ 2023ರ ಅಕ್ಟೋಬರ್ 26ರಂದು ರಿಸರ್ವ್ ಬ್ಯಾಂಕು ಒಂದು ನಿಯಮ ಮಾಡಿತು: ದಾಖಲೆ ತಿದ್ದಬೇಕೆಂಬ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಮುಂದಿನ ಪ್ರತಿಯೊಂದು ದಿನಕ್ಕೂ ದೂರುದಾರನಿಗೆ 100 ರೂಪಾಯಿ ಸಲ್ಲತಕ್ಕದ್ದು. ಈ ನೂರು ರೂಪಾಯಿಗೆ ಚಕ್ರಬಡ್ಡಿಯಿಲ್ಲ.